ಒಂದೇ ಶ್ವಾಸಕೋಶದ ಸವಾರ!

ಅಮೆರಿಕದ ಆರೆಗಾನ್ ರಾಜ್ಯದ ಸ್ಮಿತ್ ರಾಕ್ ಅಂದರೆ ಕೆಂಗಂದು ಬಣ್ಣದ ಕಡಿದಾದ ಬಂಡೆಗಳು, ಬುಡದಲ್ಲಿ ಬಳುಕುವ ಕ್ರೂಕೆಡ್ ನದಿ. 1975ರ ನಗೆಬೆರೆತ ಕೌಬಾಯ್ ಚಿತ್ರ ‘ರೂಸ್ಟರ್ ಕಾಗ್‌ಬರ್ನ್’ ತೆಗೆದ ಜಾಗಗಳಲ್ಲಿ ಇದೂ ಒಂದು. ಕಥೆ ನಡೆಯೋದು ಅರ್ಕಾನ್ಸಾ ಕಡೆ. ಸಿನಿಮಾದವರಿಗೆ ಭೂಗೋಳ ಯಾಕೆ ಸ್ವಾಮೀ!

ಕುಡುಕ, ಒಕ್ಕಣ್ಣ ಮಾರ್ಷಲ್ ಆಗಿ ಜಾನ್ ವೇನ್, ದೈವಭಕ್ತೆ ಪಾದ್ರಿಪುತ್ರಿಯಾಗಿ ಕ್ಯಾಥರೀನ್ ಹೆಪ್‌ಬರ್ನ್... ಎತ್ತು ಏರಿಗೆ, ಕೋಣ ನೀರಿಗೆ! ಕಥೆ ಕುಂಟುತ್ತೆ; ಇವರ ಮಾತಿನ ಜಟಾಪಟಿ ಮಾತ್ರ ಭಲೇ ಮಜಾ.

ಇಲ್ಲಿನ ಮಿಸರಿ ರಿಡ್ಜ್ ಹತ್ತುವಾಗ ಇಪ್ಪತ್ತೆಂಟರ ನನಗೇ ಏದುಸಿರು. 1964ರಲ್ಲೇ ಕ್ಯಾನ್ಸರಿಗೆ ಒಂದು ಶ್ವಾಸಕೋಶ ಕಳಕೊಂಡಿದ್ದ ವೇನ್, 67ರಲ್ಲಿ ಈ ಸೀಮೆಯಲ್ಲಿ ಕುದುರೆ ಏರಿದ್ದ! ಹೆಪ್‌ಬರ್ನ್‌ಗೂ ಅಷ್ಟೇ ವಯಸ್ಸು. ಇಬ್ಬರೂ ಹುಟ್ಟಿದ್ದು 1907ರ ಮೇ ತಿಂಗಳಲ್ಲೇ. ಜೊತೆಯಾಗಿ ನಟಿಸಿದ್ದು ಇದೊಂದೇ ಚಿತ್ರ.

ಅದರ ಓರೆಕೋರೆ ಎಣಿಸೋ ಮೊದಲು ಈ ಗುಡ್ಡ ಒಮ್ಮೆ ಹತ್ತಿ ನೋಡಿ!