ಬೋರಿಂಗು, ವಾಷರು, ಮೀಟರು

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಆಸುಪಾಸಿನ ಹಳ್ಳಿಗಳಲ್ಲಿ ಹಿಂದೆ ಬಾವಿ ನೀರು ಅಮೃತದಂತಿತ್ತು ಅಂತ ಯಾರಾದರೂ ಶುರು ಮಾಡಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಮೆಟ್ಟಿಲು ಬಾವಿಗಿಳಿದು, ನೀರಲ್ಲೇ ಕಾಲಿಟ್ಟು ಕೊಡ ತುಂಬುತ್ತಿದ್ದ ಕಾಲದಲ್ಲಿ ನಮ್ಮ ರಾಜ್ಯದ ಬಯಲುಸೀಮೆಗೆ ನಾರುಹುಣ್ಣು ಅಂಟಿಕೊಂಡಿತ್ತು. ಕಾಲಿನಿಂದ ದಾರದಂಥ ಹುಳು ಇಣುಕುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದು. ಭಾರತ ಅದರಿಂದ ಮುಕ್ತವಾಗಿದೆ ಅಂತ ಘೋಷಣೆಯಾದದ್ದು 2000ದಲ್ಲಿ. ಅದನ್ನು ಓಡಿಸಿದ್ದು ಮಾತ್ರೆಯಲ್ಲ. ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿದ್ದು, ಬಟ್ಟೆಯಲ್ಲಿ ನೀರು ಸೋಸಿದ್ದು, ಬೋರಿಂಗು ಹೊಡೆಸಿದ್ದು.

ನಮ್ಮ ಕಡೆ ಬೋರಿಂಗು ಅಂದರೆ ಕೈಪಂಪು. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಠ ಹಿಡಿದು ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಅಂದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆಯೂ ಆಯಿತು. ನೀರಿನ ತಕರಾರು ಹೇಳಿಕೊಳ್ಳಲು ಕೂಗಳತೆಯಲ್ಲೊಬ್ಬ ಮೆಂಬರು ಸಿಕ್ಕ.

ಕೈಪಂಪು ಕೆಡುವುದು ಹೆಚ್ಚಾಗಿ ಒಂದು ವಾಷರಿನಿಂದ. ಅಂಗೈಯಲ್ಲಿ ಹಿಡಿಯುವಷ್ಟು, ಬಟ್ಟಲಿನಾಕಾರದ ಚರ್ಮದ ವಾಷರು. ಅದು ಸವೆದರೆ ಹಿಡಿ ಹಗುರಾಗುತ್ತದೆ, ನೂರು ಸಲ ಒತ್ತಿದರೂ ಸೀಟಿ ಹೊಡೆದಂತೆ ಗಾಳಿ ಮಾತ್ರ. ಅದನ್ನು ಬದಲಿಸಲು ಮೇಲಿನ ತಲೆ ಬಿಚ್ಚಿ, ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಎತ್ತಬೇಕು. ಒಂದೊಂದೂ ಹತ್ತಡಿ, ನೀರು ತುಂಬಿದ ಭಾರ ಬೇರೆ. ಮೆಕ್ಯಾನಿಕ್ಕು ತಾಲ್ಲೂಕು ಕೇಂದ್ರದಿಂದ ಬರಬೇಕಿತ್ತು. ಬಂದ ದಿನ ಹರೆಯದ ಹುಡುಗರೆಲ್ಲ ಅಲ್ಲೇ ಇರಬೇಕು. “ಬಿಡಬ್ಯಾಡ್ರಲೇ, ಪೈಪು ಜಾರಿದ್ರೆ ಬೋರೇ ಹೋಗ್ತೈತೆ” ಅಂತ ಪಾನಾ ಹಿಡಿದ ಆತ ಬೈಯುತ್ತಿದ್ದರೆ ಇವರು ಉಸಿರು ಕಟ್ಟಿ ಹಗ್ಗ ಹಿಡಿಯುವರು. ಸಂಜೆಗೆ ಮೊದಲು ಕೆಂಪು ನೀರು, ಆಮೇಲೆ ತಿಳಿ. ಇದನ್ನು ಊರೊಟ್ಟಿನ ಪ್ರೀತಿ ಅಂತ ಬರೆಯುವವರಿದ್ದಾರೆ. ಮೆಕ್ಯಾನಿಕ್ಕು ಬರುವ ತನಕದ ಅಷ್ಟೂ ದಿನ ತೋಟದ ಬಾವಿಗೆ ಕೊಡ ಹೊತ್ತ ಹೆಂಗಸರನ್ನು ಕೇಳಿ ಬರೆದರೆ ಒಳ್ಳೆಯದು.

ಆ ಬೋರಿಂಗಿನ ನೀರಿನಲ್ಲೂ ಫ್ಲೋರೈಡಿತ್ತು. ಮಳೆ ಕೈಕೊಟ್ಟಂತೆ ಬೋರು ಆಳಕ್ಕಿಳಿಯಿತು, ಮಕ್ಕಳ ಹಲ್ಲು ಕಂದಾಯಿತು. ನಾರುಹುಣ್ಣು ತಪ್ಪಿಸಿದ ನೀರೇ ಮೂಳೆಗೆ ತೊಂದರೆ ತಂದಿತು ಅಂದರೆ ಯಾರನ್ನು ದೂರುವುದು?

ನೀರಿನಂತೆ ಬರಗಾಲದ ಕಾಮಗಾರಿಯ ಲೆಕ್ಕವೂ ಬದಲಾಗಿದೆ. ಆಗ ಕೆರೆ ಹೂಳು ಎತ್ತುವಾಗ ಗುಂಡಿಯ ನಡುವೆ ಅಗೆಯದೆ ಒಂದು ಮಣ್ಣಿನ ದಿಬ್ಬ ಬಿಡುತ್ತಿದ್ದರು. ಇಂಜಿನಿಯರು ಬಂದು ಅದರ ಪಕ್ಕ ಟೇಪು ಹಿಡಿದು ಆಳ ನೋಡಿ ಎಂ.ಬಿ. ಅನ್ನುವ ಅಳತೆ ಪುಸ್ತಕದಲ್ಲಿ ಬರೆದ ಮೇಲೇ ಕೂಲಿ. ದಿಬ್ಬಕ್ಕೆ ರಾತ್ರಿ ಮಣ್ಣು ಏರಿಸಿ ಎತ್ತರ ಮಾಡುವ ಕಲೆಯೂ ಇತ್ತು. ಎನ್‌ಎಂಆರ್‌ ಹಾಜರಿ ಹಾಳೆಯಲ್ಲಿ ಸತ್ತವರೂ ಹೆಬ್ಬೆಟ್ಟು ಒತ್ತುತ್ತಿದ್ದರು. 2006ರಲ್ಲಿ ಉದ್ಯೋಗ ಖಾತರಿ ಮೊದಲ ಹಂತದಲ್ಲೇ ಚಿತ್ರದುರ್ಗ ಜಿಲ್ಲೆಗೆ ಬಂತು. ಆಮೇಲೆ ಕೂಲಿ ಬ್ಯಾಂಕು ಖಾತೆಗೆ, ಕೆಲಸದ ಜಾಗಕ್ಕೆ ಜಿಪಿಎಸ್‌ ಫೋಟೊ, 2023ರಿಂದ ಹಾಜರಾತಿಯೂ ಮೊಬೈಲಿನಲ್ಲಿ. ಸತ್ತವರ ಹಾವಳಿ ಕಡಿಮೆಯಾಯಿತು. ಈಗ ಗುಡ್ಡದ ಮರೆಯಲ್ಲಿ ಸಿಗ್ನಲ್‌ ಸಿಗದೆ ಇದ್ದವರದೇ ಹಾಜರಿ ತಪ್ಪಬಹುದು; ಆದರೂ ಹಳೆಯ ಹಾಳೆಗಿಂತ ಇದೇ ವಾಸಿ.

ಮೇಲಿನಿಂದ ಬರುವ ಸುತ್ತೋಲೆ ಬ್ರಹ್ಮಗಿರಿಗೆ ಹೊಸದೇನಲ್ಲ. 1892ರಲ್ಲಿ ಬಿ.ಎಲ್. ರೈಸ್‌ ಪತ್ತೆ ಹಚ್ಚಿದ ಇಲ್ಲಿನ ಅಶೋಕನ ಶಾಸನ, ಸುವರ್ಣಗಿರಿಯ ರಾಜಪುತ್ರ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಕುಶಲ ಕೇಳಿ ಕಳಿಸಿದ ಆದೇಶ. ದಾರಿಗುಂಟ ಬಾವಿ ತೋಡಿಸಿದ್ದೇನೆ ಅನ್ನುವ ಅಶೋಕನ ಇನ್ನೊಂದು ಶಾಸನ ಮಾತ್ರ ಇಲ್ಲಿಲ್ಲ; ಅದು ಆಂಧ್ರದ ಎರ್ರಗುಡಿಯ ಬಂಡೆಯ ಮೇಲಿದೆ.

ನಮಗೆ ನಲ್ಲಿ ಬರುವುದು ತಡವಾಯಿತು. 2019ರ ಜಲಜೀವನ್‌ ಮಿಷನ್ನು, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್‌ ಅನ್ನುತ್ತದೆ. ಫ್ಲೋರೈಡಿನ ಕಾಟಕ್ಕೆ ತುಂಗಭದ್ರಾ ಹಿನ್ನೀರನ್ನೇ ಮೊಳಕಾಲ್ಮುರು, ಚಳ್ಳಕೆರೆ, ಪಾವಗಡಗಳಿಗೆ ತರುವ ಬಹುಗ್ರಾಮ ಯೋಜನೆಯೂ ಆಯಿತು. ಇದು ಸಣ್ಣ ಮಾತಲ್ಲ. ಆದರೆ ವಾಷರು ಈಗ ಊರಲ್ಲಿಲ್ಲ. ನೂರಾರು ಕಿಲೋಮೀಟರ್‌ ಪೈಪಿನಲ್ಲಿ ಎಲ್ಲೋ ಒಂದು ಕಡೆ ಒಡೆದರೆ ನಮ್ಮ ವಾಟರ್‌ಮ್ಯಾನ್‌ ವಾಲ್ವಿನ ಕೀಲಿ ಹಿಡಿದು ಫೋನು ಮಾಡುತ್ತಾ ಕೂರಬೇಕು. ಹೊಸ ಕಾಮಗಾರಿಗೆ ಎಸ್ಟಿಮೇಟು ಸಲೀಸಾಗಿ ಆಗುತ್ತದೆ, ಹೆಸರು ಕೆತ್ತಿದ ಕಲ್ಲೂ ನಿಲ್ಲುತ್ತದೆ. ದುರಸ್ತಿಗೆ ಯಾರೂ ಕಲ್ಲು ನೆಡಿಸಿದ್ದನ್ನು ನಾನು ಕಂಡಿಲ್ಲ.

ತುಂಗಭದ್ರೆ ಬರದ ದಿನ ಊರಿನ ಹಳೇ ಕೊಳವೆಬಾವಿಯ ನೀರನ್ನೇ ಅದೇ ಪೈಪಿಗೆ ಬಿಡುತ್ತಾರೆ. ನಲ್ಲಿಯ ಮೀಟರಿಗೆ ವ್ಯತ್ಯಾಸ ಗೊತ್ತಾಗದು. ಒಲೆ ಮುಂದಿನವರಿಗೆ ಗೊತ್ತಾಗುತ್ತದೆ: “ಇವತ್ತು ಬೋರಿನ ನೀರು ಬಿಟ್ಟವ್ರೆ, ಬ್ಯಾಳೆ ಬೇಯವಲ್ದು.” ಆಗ ಮನೆಯಿಂದೊಬ್ಬರು ಐದು ರೂಪಾಯಿ ನಾಣ್ಯ, ಇಪ್ಪತ್ತು ಲೀಟರ್‌ ಕ್ಯಾನು ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೊರಡುತ್ತಾರೆ, ಅದು ರಿಪೇರಿಯಲ್ಲಿಲ್ಲದಿದ್ದರೆ.