ಉಗ್ರಾಣದ ಬೀಗದ ಕೈ

ಎಂಬತ್ತರ ದಶಕದಲ್ಲಿ ರಾಮಗಿರಿ ಹೋಬಳಿಯ ಬಡವರ ಹುಡುಗರಿಗೆ ಎಸ್ಸೆಸ್ಸೆಲ್ಸಿ ಆದಮೇಲೆ ಚಿತ್ರದುರ್ಗದ ಹಾಸ್ಟೆಲ್ಲೇ ಗತಿ. ಸೀಟು ಸಿಕ್ಕವನು ಟ್ರಂಕು, ಚಾಪೆ, ತಟ್ಟೆ, ಲೋಟ ಹೊತ್ತು ರೈಲು ಹತ್ತಿ, ಚಿಕ್ಕಜಾಜೂರಿನಲ್ಲಿ ಇಳಿದು ದುರ್ಗದ ಗಾಡಿಗೆ ಕಾಯುತ್ತಿದ್ದ. ಸಿಗದವನ ಓದು ಅಲ್ಲಿಗೆ ಮುಗಿಯಿತು.

ಈ ಸೀಮೆಗೆ ಹಾಸ್ಟೆಲ್ ಹೊಸದೇನಲ್ಲ. ಮುರುಘಾಮಠದ ಜಯದೇವ ಸ್ವಾಮಿಗಳು ಕಳೆದ ಶತಮಾನದ ಮೊದಲ ದಶಕಗಳಲ್ಲೇ ನಾಡಿನ ಹಲವು ಊರುಗಳಲ್ಲಿ ವಿದ್ಯಾರ್ಥಿನಿಲಯ ತೆರೆಸಿದ್ದರು. 1946ರಲ್ಲಿ ಸಿರಿಗೆರೆಯಲ್ಲಿ ತರಳಬಾಳು ವಿದ್ಯಾಸಂಸ್ಥೆ ಹುಟ್ಟಿತು. ಅದರ ಶಾಲೆಗಳ ಜತೆಗೆ ಹಾಸ್ಟೆಲ್ಲುಗಳೂ ಬೆಳೆದವು. ದೇವರಾಜ ಅರಸರ ಕಾಲದಿಂದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ಲುಗಳು ಹೆಚ್ಚಿದವು. ನಾನು ಸೇರಿದ್ದು ಅಂಥದ್ದೊಂದಕ್ಕೆ.

ಮೊದಲ ವಾರ ಊಟಕ್ಕೆ ಕೂತಾಗ ಹೊಸದುರ್ಗದವರದು ಒಂದು ಸಾಲು, ಹಿರಿಯೂರಿನವರದು ಒಂದು, ಹೊಳಲ್ಕೆರೆಯ ನಮ್ಮದು ಇನ್ನೊಂದು. ತಾಲ್ಲೂಕಿನ ಹೆಸರಿನ ಹಿಂದೆ ಬೇರೆಯ ಲೆಕ್ಕವೂ ಇತ್ತು. ಗೊಲ್ಲರಹಟ್ಟಿಯವನು, ಉಪ್ಪಾರರವನು, ಕುರುಬರವನು, ಕೇರಿಯವನು ಎಂದು ಯಾರ ಪಕ್ಕ ಯಾರು ಕೂರಬಾರದೆಂಬುದನ್ನು ಎಲ್ಲರೂ ಊರಿನಿಂದಲೇ ಕಲಿತು ಬಂದಿದ್ದೆವು. ಜಾತಿ ಮರೆಯಿರಿ ಎಂದು ನಮಗೆ ಭಾಷಣ ಮಾಡಿದವರು ಬಹಳ ಮಂದಿ. ಭಾಷಣ ಕೇಳಿ, ಚಪ್ಪಾಳೆ ತಟ್ಟಿ, ಮತ್ತೆ ನಮ್ಮ ನಮ್ಮ ಸಾಲಿಗೇ ಹೋಗಿ ಕೂರುತ್ತಿದ್ದೆವು.

ಆ ಸಾಲುಗಳನ್ನು ಕೆಡಿಸಿದ್ದು ಮೆಸ್ ಕಮಿಟಿ. ಪ್ರತಿ ತಿಂಗಳು ಹಾಜರಿ ಪುಸ್ತಕದ ಕ್ರಮದಲ್ಲಿ ಮೂವರು ಹುಡುಗರ ಕೈಗೆ ಉಗ್ರಾಣದ ಬೀಗದ ಕೈ ಬರುತ್ತಿತ್ತು. ರಾಗಿಹಿಟ್ಟು, ಅಕ್ಕಿ, ಬೇಳೆ ತೂಗಿ ಕೊಡುವುದು, ಅಡುಗೆಯ ಅಜ್ಜನ ಜತೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ಚೌಕಾಸಿ ಮಾಡುವುದು, ರಾತ್ರಿ ಲೆಕ್ಕ ಬರೆದು ರುಜು ಹಾಕುವುದು, ಎಲ್ಲ ಅವರದೇ. ಒಂದು ತಿಂಗಳು ಕೀಲಿ ಕೇರಿಯ ಹುಡುಗನೊಬ್ಬನ ಕೈಗೆ ಬಂತು. ಅವನ ಪಕ್ಕ ಕೂರಲು ಹಿಂಜರಿಯುತ್ತಿದ್ದವನೇ ಆ ವಾರದ ಅಡುಗೆಮನೆ ಸರದಿಯವನು. "ಅಣ್ಣಾ, ಹಿಟ್ಟು ತಗ್ದು ಕೊಡು, ಎಸರು ಕುದೀತೈತೆ" ಎಂದು ಅವನು ಕೂಗಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಹಿಟ್ಟು ಅಳೆದು ಕೊಟ್ಟವನನ್ನು ಬಿಟ್ಟು ಮುದ್ದೆ ಉಣ್ಣುವುದು ಹೇಗೆ? ಹಬ್ಬ ಬರುವ ಹೊತ್ತಿಗೆ ಸಾಲುಗಳು ಕಲಸಿಹೋಗಿದ್ದವು.

ಜಗಳಗಳೂ ನಮ್ಮನ್ನು ಹತ್ತಿರ ತಂದವು. ತಿಂಗಳ ಮೊದಲ ಭಾನುವಾರ ಲೆಕ್ಕ ಓದುತ್ತಿದ್ದರು. "ತೊಗರಿಬೇಳೆ ಇಷ್ಟ್ಯಾಕೆ ಖರ್ಚಾಯ್ತು? ಸಾರು ನೀರಾಗೇ ಇತ್ತಲ್ಲ" ಎಂದು ಒಬ್ಬ ಎದ್ದರೆ ಮಧ್ಯಾಹ್ನದವರೆಗೂ ವಾದ. ಮುಂದಿನ ಸಲ ಕೀಲಿ ಹಿಡಿಯಬೇಕಾದವನೂ ಅಲ್ಲೇ ಇರುತ್ತಿದ್ದುದರಿಂದ ಮಾತು ಹದ ಮೀರುತ್ತಿರಲಿಲ್ಲ. ಬೇಸಗೆಯಲ್ಲಿ ನಲ್ಲಿ ಒಣಗಿತೆಂದರೆ ಕೈಪಂಪಿಗೆ ಸರದಿ. ಬರದ ಜಿಲ್ಲೆಯ ಮಕ್ಕಳಾದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಚಂದಾ ಎತ್ತಿ ತರಿಸುತ್ತಿದ್ದ ಒಂದೇ ಲಂಕೇಶ್ ಪತ್ರಿಕೆಯನ್ನು ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಮಿಕ್ಕವರು ಸುತ್ತ ಕೂತು ಕೇಳುತ್ತಿದ್ದರು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಪಾಯಸಕ್ಕೆ ಬೆಲ್ಲ ಕುಟ್ಟಿದವರಲ್ಲಿ ಎಲ್ಲ ಸಾಲಿನವರೂ ಇದ್ದರು.

ಆಮೇಲೆ ಕಟ್ಟಡ ಬಂತು, ಮಂಚ ಬಂತು, ಮೊಟ್ಟೆ, ಬಾಳೆಹಣ್ಣು ಬಂದವು. ದಿನಸಿ ಟೆಂಡರಿನವರಿಂದ ಬರತೊಡಗಿತು. ಗೋಡೆಯ ಬೋರ್ಡಿನಲ್ಲಿ ವಾರದ ಊಟದ ಪಟ್ಟಿ, ಹಾಜರಿಗೆ ಹೆಬ್ಬೆಟ್ಟಿನ ಯಂತ್ರ. ಇದೆಲ್ಲ ಬೇಕಿತ್ತು. ಅರೆಹೊಟ್ಟೆಯ ರಾತ್ರಿಗಳನ್ನು ಕಂಡ ನಾನು ಹಳೆಯ ಕಾಲವನ್ನು ಹಾಡಿ ಹೊಗಳಲಾರೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ನಮ್ಮ ಹೋಬಳಿಯ ಹೆಣ್ಣುಮಕ್ಕಳು ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಮುಗಿಸುತ್ತಿದ್ದಾರೆ. ನನ್ನ ಅಕ್ಕನಿಗೆ ಅದು ಕನಸಾಗಿಯೂ ಬಂದಿರಲಿಲ್ಲ. ಆದರೆ ಕೀಲಿ ಮಕ್ಕಳ ಕೈ ಬಿಟ್ಟಿತು. ಉಣ್ಣುವವರು ಉಣ್ಣುವವರಾಗಿಯೇ ಉಳಿದರು. ಈಗ ಊಟದ ಕೋಣೆಗೆ ಹೋದರೆ ಒಬ್ಬೊಬ್ಬನೂ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಕೂತಿರುತ್ತಾನೆ. ಪಕ್ಕದವನ ಊರು ಕೇಳಿದರೆ ಗೊತ್ತಿಲ್ಲ.

ಹಳೆಯ ಹಾಸ್ಟೆಲ್ಲನ್ನು ನಾನು ಮತ್ತೆ ಕಂಡದ್ದು ಬಾಡಿಗೆ ಕೋಣೆಗಳಲ್ಲಿ. 2013-14ರಲ್ಲಿ ಶುರುವಾದ ವಿದ್ಯಾಸಿರಿ ಯೋಜನೆಯಲ್ಲಿ ಹಾಸ್ಟೆಲ್ ಸೀಟು ಸಿಗದವರಿಗೆ ಮೊದಮೊದಲು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಹಣ ಬರುತ್ತಿತ್ತು. ದುರ್ಗದ ಗಲ್ಲಿಗಳಲ್ಲಿ ನಾಲ್ಕು ಊರಿನ ನಾಲ್ವರು ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಪಾತ್ರೆ ತೊಳೆಯುವ ಸರದಿ, ಗ್ಯಾಸಿನ ಲೆಕ್ಕ ಬಾಗಿಲ ಹಿಂದೆ ಬರೆದಿರುತ್ತದೆ. 1933ರ ನಂತರ ಮೊದಲ ಸಲ, 2022ರಲ್ಲಿ, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಅಂಥದೊಂದು ಕೋಣೆಯ ಹುಡುಗರು ಬುತ್ತಿ ಕಟ್ಟಿಕೊಂಡು ಒಟ್ಟಿಗೆ ನೋಡಲು ಹೊರಟಿದ್ದರು.

ಹೋದ ವರ್ಷ ಒಬ್ಬ ವಾರ್ಡನ್ನರ ಹತ್ತಿರ ಕೀಲಿಯ ಮಾತು ತೆಗೆದೆ. "ಕೀಲಿ ಹುಡುಗ್ರಿಗೆ ಕೊಟ್ರೆ ಆಡಿಟ್‌ನೋರಿಗೆ ಯಾರು ಉತ್ತರ ಹೇಳ್ಬೇಕು ಸಾರ್?" ಎಂದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಾಲದಲ್ಲಿ ಪುಸ್ತಕದ ಪುಟಪುಟದಲ್ಲೂ ಮೂವರು ಹುಡುಗರ ರುಜು ಇರುತ್ತಿತ್ತು, ಕೇಳಿದವರಿಗೆ ಅದನ್ನೇ ತೋರಿಸುತ್ತಿದ್ದೆವು ಎಂದೆ. ಸ್ವಲ್ಪ ಯೋಚಿಸಿ, ಮೊದಲು ಭಾನುವಾರದ ತರಕಾರಿಯೊಂದನ್ನು ಹುಡುಗರಿಗೆ ಬಿಟ್ಟು ನೋಡುತ್ತೇನೆ ಎಂದು ಒಪ್ಪಿದರು.