ಸಂಜೆಗೆ ಮನೆ ಸೇರುವ ಪ್ರವಾಸ

ನಮ್ಮ ವನಗೂರಿನ ಕಡೆಯವರಿಗೆ ಊರಾಚೆಯ ಕೆಲಸವೆಂದರೆ ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಹೋಗಿ ಸಂಜೆ ಬಸ್ಸಿಗೆ ವಾಪಸು ಬರುವುದು. ಆಸ್ಪತ್ರೆ, ಗೊಬ್ಬರ, ಮದುವೆ ಜವಳಿ ಎಲ್ಲವೂ ಹಾಗೆಯೇ. ರಾತ್ರಿ ಹೊರಗೆ ಉಳಿದರೆ ಹಸು ಕರೆಯುವವರು ಯಾರು?

ಹೀಗೆ ಬೆಳೆದ ನಮಗೆ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಮಗ ಫೋನು ಮಾಡಿ, "ಹದಿನೈದು ದಿನದಲ್ಲಿ ಯೂರೋಪಿನ ಎಂಟು ದೇಶ ತೋರಿಸೋ ಟೂರ್ ಇದೆ, ಬುಕ್ ಮಾಡ್ಲಾ ಅಪ್ಪ?" ಎಂದ. ನನ್ನ ಹೆಂಡತಿ ಪಕ್ಕದಿಂದಲೇ, "ಅವರು ಬರ್ತಾರೆ, ನಾನು ಬರಲ್ಲ" ಎಂದಳು. ಅವಳಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಮಂಡಿ ನೋವು ಬೇರೆ. ದಿನಕ್ಕೊಂದು ಹೋಟೆಲು, ಬೆಳಗ್ಗೆ ಆರಕ್ಕೆ ಪೆಟ್ಟಿಗೆ ಕಟ್ಟುವುದು, ಹೊತ್ತಲ್ಲದ ಹೊತ್ತಿಗೆ ಊಟ. ಅದು ಅವಳ ಮೈಗೆ ಆಗುವಂಥದ್ದಲ್ಲ. ಅವಳನ್ನು ಬಿಟ್ಟು ನಾನೊಬ್ಬನೇ ಹೋಗಿ ನೋಡುವಂಥದ್ದು ಏನಿದೆ? ಕೊನೆಗೆ ಸೊಸೆಯೇ ದಾರಿ ಹುಡುಕಿದಳು. "ಅತ್ತೆ, ನಮ್ಮ ಮನೇಲೇ ಇರಿ. ಬೆಳಗ್ಗೆ ಹೋಗಿ ಸಂಜೆ ಬರೋ ಊರುಗಳನ್ನಷ್ಟೇ ನೋಡೋಣ. ಆಗದ ದಿನ ಮನೇಲೇ ಕೂತರಾಯ್ತು."

ಇಂಥ ಪ್ರವಾಸಕ್ಕೆ ಮ್ಯೂನಿಕ್ ಹೇಳಿ ಮಾಡಿಸಿದ ಊರು. ಅಲ್ಲಿನ ದೊಡ್ಡ ನಿಲ್ದಾಣದಿಂದ ಸುತ್ತಲ ಊರುಗಳಿಗೆಲ್ಲ ರೈಲು. ಬಯರ್ನ್ ಟಿಕೆಟ್ ಎಂಬುದೊಂದಿದೆ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ದಿನವಿಡೀ ಬವೇರಿಯ ರಾಜ್ಯದ ತುಂಬ ಓಡಾಡಬಹುದು. ವೇಗದ ರೈಲು ಹತ್ತುವಂತಿಲ್ಲ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆಯೇ ಹೊರಡಬೇಕು. ಚಿಕ್ಕವರು ಇದಕ್ಕೆ ಗೊಣಗುತ್ತಾರೆ; ನಮ್ಮಂಥವರಿಗೆ ಅದೇ ಅನುಕೂಲ. ಇನ್ಸುಲಿನ್, ತಿಂಡಿ, ಕಾಫಿ ಮುಗಿಸಿ, ಚಪಾತಿಗೆ ಚಟ್ನಿಪುಡಿ ಸವರಿ ಡಬ್ಬಿ ಕಟ್ಟುವಷ್ಟರಲ್ಲಿ ಒಂಬತ್ತು ಹೊಡೆದಿರುತ್ತಿತ್ತು.

ಮೊದಲು ಹೋದದ್ದು ಸಾಲ್ಜ್‌ಬರ್ಗ್‌ಗೆ. ಅದು ಆಸ್ಟ್ರಿಯಾ ದೇಶದ ಊರಾದರೂ ಗಡಿಯಲ್ಲೇ ಇರುವುದರಿಂದ ಅಲ್ಲಿಯವರೆಗೂ ಅದೇ ಟಿಕೆಟ್ ನಡೆಯುತ್ತದೆ. ಎರಡು ಗಂಟೆಯೊಳಗೆ ಮುಟ್ಟಿದೆವು. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಬೇಕು. 1756ರಲ್ಲಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ ಹಳದಿ ಬಣ್ಣದ ಮನೆ ನೋಡಿದೆವು. ಹೊಳೆಯ ಪಕ್ಕ ಕೂತು ಚಪಾತಿ ತಿಂದೆವು. ಬೇರೆ ದೇಶಕ್ಕೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬಂದದ್ದನ್ನು ನನ್ನ ಹೆಂಡತಿ ಇಂದಿಗೂ ಊರವರಿಗೆಲ್ಲ ಹೇಳುತ್ತಾಳೆ.

ಆದರೆ ನಾಯ್‌ಶ್ವಾನ್‌ಸ್ಟೈನ್ ಅರಮನೆಗೆ ಅವಳು ಬರಲಿಲ್ಲ. ಫ್ಯುಸ್ಸೆನ್ ಎಂಬ ಊರಿಗೆ ಎರಡು ಗಂಟೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಗುಡ್ಡ ಹತ್ತಬೇಕು. ಎರಡನೇ ಲುಡ್ವಿಗ್ ಎಂಬ ರಾಜ 1869ರಲ್ಲಿ ಕಟ್ಟಲು ಶುರುಮಾಡಿದ ಅರಮನೆ ಅದು. 1886ರಲ್ಲಿ ಅವನು ಸತ್ತಾಗ ಇನ್ನೂ ಮುಗಿದಿರಲಿಲ್ಲ. ಕೆಲವೇ ವಾರಗಳಲ್ಲಿ ಜನರಿಗೆ ಟಿಕೆಟ್ಟಿಟ್ಟು ತೆರೆದರಂತೆ. ರಾತ್ರಿ ಎಂಟು ವರ್ಷದ ಮೊಮ್ಮಗಳು ಅಜ್ಜಿಯ ಮಗ್ಗುಲಲ್ಲಿ ಕೂತು ವರದಿ ಒಪ್ಪಿಸಿದಳು. "ಅಜ್ಜಿ, ಆ ರಾಜ ಅದರಲ್ಲಿ ಆರು ತಿಂಗಳೂ ಇರಲಿಲ್ಲವಂತೆ!"

"ಅಷ್ಟು ದುಡ್ಡು ಸುರಿದು ಆರು ತಿಂಗಳೂ ಇರಲಿಲ್ವಾ? ಅದಿರಲಿ, ಅಡುಗೆಮನೆ ಹೇಗಿತ್ತೇ?"

ಸಿಂಹಾಸನವಿಲ್ಲದ ಸಿಂಹಾಸನದ ಕೋಣೆಯನ್ನು ವರ್ಣಿಸಲು ನಾನು ಸಿದ್ಧವಾಗಿದ್ದೆ. ಅಷ್ಟರಲ್ಲಿ ಹುಡುಗಿ ಅಡುಗೆಮನೆಯ ಸಂಗತಿಯೆಲ್ಲ ಬಿಚ್ಚಿದಳು. ಆ ಕಾಲಕ್ಕೇ ನಲ್ಲಿಯಲ್ಲಿ ಬಿಸಿನೀರು, ತಣ್ಣೀರು ಎರಡೂ ಬರುತ್ತಿತ್ತಂತೆ. ಅಜ್ಜಿ ಕೇಳುತ್ತಾ ಹೋದಳು, ಇವಳು ಹೇಳುತ್ತಾ ಹೋದಳು. ಬ್ಯಾಂಕಿನಲ್ಲಿ ಆಯಾ ದಿನದ ನಗದು ಆಯಾ ದಿನವೇ ತಾಳೆಯಾಗದೆ ನಾವು ಮನೆಗೆ ಹೊರಡುತ್ತಿರಲಿಲ್ಲ. ಅಲ್ಲಿಯೂ ಅದೇ ಪದ್ಧತಿ ಬಿತ್ತು. ಹೋದವರು ಮನೆಯಲ್ಲಿ ಉಳಿದವರಿಗೆ ರಾತ್ರಿಯೇ ಲೆಕ್ಕ ಒಪ್ಪಿಸಬೇಕು. ಅಜ್ಜಿ ಕೇಳುತ್ತಾಳೆಂದು ಮೊಮ್ಮಗಳು ಮಾರನೆಯ ಸಲದಿಂದ ಎಲ್ಲವನ್ನೂ ಕಣ್ಣರಳಿಸಿ ನೋಡತೊಡಗಿದಳು.

ಹೀಗೆ ಮಾಡಿದರೆ ದೂರದ ಊರು ತಪ್ಪುತ್ತದೆ, ನಿಜ. ಬರ್ಲಿನ್ ನೋಡಲಿಲ್ಲ, ವಿಯೆನ್ನಾ ನೋಡಲಿಲ್ಲ. ಹೋಗಲು ಎರಡು ಗಂಟೆಗಿಂತ ಹೆಚ್ಚು ಹಿಡಿಯುವ ಊರು ಬೇಡ, ಒಂದು ದಿನ ತಿರುಗಿದರೆ ಮರುದಿನ ವಿಶ್ರಾಂತಿ ಎಂದು ನಾವೇ ಕಟ್ಟು ಹಾಕಿಕೊಂಡಿದ್ದೆವು. ವಿಶ್ರಾಂತಿಯ ದಿನ ಅಜ್ಜಿ, ಮೊಮ್ಮಗಳು ಇಸಾರ್ ನದಿಯ ದಂಡೆಗೆ ಹೋಗಿ ಕೂರುತ್ತಿದ್ದರು. ಆ ನೀರು ಡ್ಯಾನ್ಯೂಬ್ ಸೇರಿ, ದೇಶದೇಶ ಸುತ್ತಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ ಎಂದು ಅಜ್ಜಿಗೆ ಪಾಠ ಮಾಡಿದವಳೂ ಅವಳೇ.

ಮರುವರ್ಷ ಕ್ರಿಸ್‌ಮಸ್ ರಜೆಗೆ ಸೊಸೆ, ಮೊಮ್ಮಗಳು ವನಗೂರಿಗೆ ಬಂದರು. ಮಗನಿಗೆ ರಜೆ ಸಿಗಲಿಲ್ಲ. ಕಾಫಿ ಕುಯ್ಲಿನ ಕಾಲ, ಹೊರಗೆ ಉಳಿಯುವ ಮಾತೇ ಇಲ್ಲ. ಅದೇ ಪದ್ಧತಿ ಇಲ್ಲಿಗೂ ಬಂತು. ಒಂದು ದಿನ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ, ಯೂರೋಪಿನ ಕೋಟೆಗಳ ಮಾದರಿ. ಮೆಟ್ಟಿಲು ಬಹಳ, ಅಜ್ಜಿ ಮನೆಯಲ್ಲೇ ಉಳಿದಳು. ಒಂದು ದಿನ ವಿಷ್ಣುವರ್ಧನನ ಕಾಲದ, 1117ರ ಬೇಲೂರು ದೇವಾಲಯ, ಜೊತೆಗೆ ಹಳೇಬೀಡು. 2023ರಲ್ಲಿ ಇವೆರಡೂ ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಮೇಲಿನ ಬಳೆ, ಜಡೆಗಳ ವಿವರಕ್ಕೆ ಅಂದಿನ ರಾತ್ರಿ ಸಾಲಲಿಲ್ಲ.

ಬಿಸಿಲೆಗೆ ಮಾತ್ರ ಅಜ್ಜಿಯೂ ಹೊರಟಳು. ನಮಗದು ಹತ್ತಿರ. ಕಾರು ಇಳಿದು ಸ್ವಲ್ಪ ನಡೆದರೆ ಕಣಿವೆಯಾಚೆ ಕುಮಾರಪರ್ವತ ಕಾಣುತ್ತದೆ. ಮಂಕನಹಳ್ಳಿಯ ಬಳಿ ಗುಡ್ಡದ ನೆತ್ತಿಯಲ್ಲಿ ನಿಂತು ಅಜ್ಜಿ ತನ್ನ ಪಾಠ ಶುರುಮಾಡಿದಳು. ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಮೊಮ್ಮಗಳು ಬಾಟಲಿಯ ನೀರನ್ನು ಎರಡೂ ಕಡೆಗೆ ಸರಿಸಮ ಚೆಲ್ಲಿದಳು.

ಅಂದು ರಾತ್ರಿ ಕಷ್ಟಕ್ಕೆ ಬಂತು. ಎಲ್ಲರೂ ಹೋಗಿ ಬಂದಿದ್ದೆವು, ಲೆಕ್ಕ ಒಪ್ಪಿಸಲು ಮನೆಯಲ್ಲಿ ಉಳಿದವರೇ ಇಲ್ಲ! ಮೊಮ್ಮಗಳು ಅಪ್ಪನಿಗೆ ಫೋನು ಹಚ್ಚಿದಳು. ಅಲ್ಲಿನ್ನೂ ಮಧ್ಯಾಹ್ನ, ಅವನು ಆಫೀಸಿನಲ್ಲಿದ್ದ. ಅಜ್ಜಿ ಫೋನು ಕಸಿದುಕೊಂಡು, "ನೋಡೋ, ನಿನ್ನ ಮಗಳು ಇವತ್ತು ಎರಡು ಸಮುದ್ರಕ್ಕೆ ನೀರು ಕಳಿಸಿದಳು" ಎಂದು ಶುರುಮಾಡಿದವಳು ಮುಕ್ಕಾಲು ಗಂಟೆ ಬಿಡಲಿಲ್ಲ. ಅನ್ನಕ್ಕಿಡುವ ಕೆಲಸ ನನ್ನ ಪಾಲಿಗೆ ಬಂತು.